ಗೊಣಗಪ್ಪನಿಗೆ ಸಿಗದ ತಂತಿ

ಜೂನ್ ೩, ಸೋಮವಾರ

ಸಂಜೆ ಏಳು ಗಂಟೆ. ಇವತ್ತು ಪ್ರೆಸ್ಸಿಗೆ ಸ್ಕ್ಯಾನರ್ ಬಂತು. ಪುಸ್ತಕವನ್ನು ಅದರ ಗಾಜಿನ ಮೇಲೆ ಬೋರಲು ಹಾಕಿದರೆ ಅಕ್ಷರಗಳನ್ನು ತಾನೇ ಓದಿ ಕಂಪ್ಯೂಟರಿಗೆ ತುಂಬಿಸುತ್ತದಂತೆ. ಇನ್ನು ಯಾರೂ ಕೂತು ಕುಟ್ಟಬೇಕಾಗಿಲ್ಲ, ಕಣ್ಣು ಕಾಣದ ಮಕ್ಕಳಿಗೆ ಶಾಲೆ ಶುರುವಾಗುವ ಹೊತ್ತಿಗೇ ಬ್ರೈಲ್ ಚುಕ್ಕಿ ಅಕ್ಷರದ ಪುಸ್ತಕ ಕೊಡಬಹುದು ಎಂದು ಮ್ಯಾನೇಜರು ಬೆಳಗಿನಿಂದ ಓಡಾಡಿಕೊಂಡಿದ್ದರು.

ಅದನ್ನು ಕೂರಿಸಲು ರಿಪೇರಿಯವನು ಬಂದಿದ್ದ. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಾನೆಂದು ಅವನಿಗೆ ಸ್ಕ್ರೂ ಎಂದೇ ಹೆಸರಾಗಿದೆ. ಕಂಪ್ಯೂಟರಿನ ಮುಚ್ಚಳ ತೆಗೆದು ಸ್ಕ್ಯಾನರಿನ ಕಾರ್ಡು ಸಿಕ್ಕಿಸಿ ಶುರು ಮಾಡಿದ. ಸ್ಕ್ಯಾನರಿನ ದೀಪ ಹತ್ತಿತು. ಆದರೆ ಟೀಚರಮ್ಮನ ಕಿವಿಯಲ್ಲಿ ಗೊಣಗಪ್ಪ ಮಾತಾಡಲಿಲ್ಲ.

ಗೊಣಗಪ್ಪ ಅಂದರೆ ತೆರೆಯ ಮೇಲಿರುವುದನ್ನು ಓದಿ ಹೇಳುವ ಕಾರ್ಡು. ನೆಗಡಿ ಆದ ಗಂಡಸಿನ ಹಾಗೆ ಗೊಣಗುತ್ತದೆ. ಟೀಚರಮ್ಮನಿಗೆ ಕಣ್ಣು ಕಾಣುವುದಿಲ್ಲ. ಪುಸ್ತಕವನ್ನೆಲ್ಲ ಗೊಣಗಪ್ಪನ ಬಾಯಲ್ಲಿ ಕೇಳಿ, ತಪ್ಪು ತಿದ್ದಿ, ಆಮೇಲೆ ನನ್ನ ಚುಕ್ಕಿ ಯಂತ್ರಕ್ಕೆ ಬಿಡುತ್ತಾರೆ. ಕರಡು ತಿದ್ದುವುದರಲ್ಲಿ ಅವರದು ಎತ್ತಿದ ಕೈ.

"ಅಣ್ಣಾ, ಇದರೊಳಗೆ ಕರೆಗಂಟೆ ತಂತಿ ಇರೋದೇ ಇಷ್ಟು," ಎಂದ ಸ್ಕ್ರೂ. "ಪ್ರತಿ ಕಾರ್ಡಿಗೂ ಒಂದು ಬೇಕು. ಕೆಲಸ ಇದ್ದಾಗ ಗಂಟೆ ಹೊಡೆದು, ನನ್ನ ಕಡೆ ಸ್ವಲ್ಪ ನೋಡು ಅನ್ನೋಕೆ. ಗಡಿಯಾರ ಒಂದು ಹಿಡ್ಕೊಂಡಿದೆ, ಕೀಬೋರ್ಡ್ ಒಂದು, ಡಿಸ್ಕು ಒಂದು, ನಿಮ್ಮ ಚುಕ್ಕಿ ಮೆಶಿನ್ನು ಒಂದು. ಮಿಕ್ಕಿದ್ದನ್ನ ಬಂದವರಿಗೆಲ್ಲ ಹಂಚಬೇಕು."

"ಹಂಚೋರು ಯಾರಪ್ಪ?" ಎಂದು ಟೀಚರಮ್ಮ ಕೇಳಿದರು.

"ಆಪರೇಟಿಂಗ್ ಸಿಸ್ಟಮ್ಮು ಅಮ್ಮ. ಯಂತ್ರ ಶುರುವಾದ ತಕ್ಷಣ ಅದು ಎಲ್ಲರನ್ನೂ ವಿಚಾರಿಸುತ್ತೆ. ಕೆಲವು ಕಾರ್ಡು ಹಟಮಾರಿ. ಅವುಗಳ ಮೇಲಿರೋ ಪುಟ್ಟ ಕಡ್ಡಿಗೆ ಯಾರೋ ಕೈಯಾರೆ ಪ್ಲಾಸ್ಟಿಕ್ ಟೊಪ್ಪಿ ಹಾಕಿ, ನಿನಗೆ ಇದೇ ತಂತಿ ಅಂತ ಕೂರಿಸಿರ್ತಾರೆ. ಅವು ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಅವಕ್ಕೆ ಮೊದಲು ಕೊಟ್ಟುಬಿಡುತ್ತೆ. ಇನ್ನು ಕೆಲವು ಇಲ್ಲೂ ಆಗುತ್ತೆ, ಅಲ್ಲೂ ಆಗುತ್ತೆ ಅಂತಾವೆ. ಅವನ್ನ ಆಚೆ ಈಚೆ ತಳ್ಳಿ ಜಾಗ ಮಾಡುತ್ತೆ. ಏನೂ ಉಳೀದೇ ಹೋದ್ರೆ ಅಂಥವರಿಗೇ ಒಂದು ಹಳದಿ ಗುರುತು ಹಾಕಿ ಸುಮ್ನೆ ಕೂರಿಸುತ್ತೆ."

"ಹಾಗಾದ್ರೆ ನಮ್ಮ ಗೊಣಗಪ್ಪ ಒಳ್ಳೆಯವನು."

"ಒಳ್ಳೆಯವನಾಗಿಯೇ ಕೆಟ್ಟ ಅಮ್ಮ. ಈ ಸ್ಕ್ಯಾನರಿನ ಕಾರ್ಡು ಅಗ್ಗದ್ದು, ಹಟಮಾರಿ. ಇದು ಬಂದು ಅವನ ತಂತಿ ಕಿತ್ಕೊಂಡಿತು." ಆಮೇಲೆ ಒಳಗೆ ಬೆರಳು ತೋರಿಸಿ ನನ್ನ ಕಡೆ ನೋಡಿದ. "ಅಣ್ಣಾ, ಈ ಫೋನಿನ ಕಾರ್ಡು, ಮೋಡೆಮ್, ಯಾವುದಕ್ಕೆ? ಇದನ್ನೂ ಯಾರೋ ಟೊಪ್ಪಿ ಹಾಕಿ ಕೂರಿಸಿದ್ದಾರೆ. ಇದನ್ನ ಕಿತ್ತರೆ ಗೊಣಗಪ್ಪನಿಗೆ ಜಾಗ ಸಿಗುತ್ತೆ. ಯಾರಾದ್ರೂ ಬಳಸ್ತಾರಾ?"

"ಬಳಸುತ್ತೇವೆ," ಎಂದೆ. "ಆಫೀಸಿನ ಕೆಲಸಕ್ಕೆ ಬೇಕು."

ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಅದನ್ನು ಮಾರ್ಚಿನಿಂದ ಯಾರೂ ಬಳಸಿಲ್ಲ.

"ಸರಿ, ಈ ತಂತಿ ಬೇಡದ ಬೇರೆ ಕಾರ್ಡು ಸಿಕ್ಕಿದ್ರೆ ತರ್ತೀನಿ," ಎಂದು ಸ್ಕ್ರೂ ಮುಚ್ಚಳ ಹಾಕಿದ. ಟೀಚರಮ್ಮ ಕಿವಿಗೆ ಹಾಕುವುದನ್ನು ತೆಗೆದು, ವಯರನ್ನು ನಿಧಾನವಾಗಿ ಸುತ್ತಿ, ಡ್ರಾಯರಿನಲ್ಲಿಟ್ಟರು.

ಮನೆಗೆ ಬಂದಾಗ ಅತ್ತೆ ಊಟ ಮುಚ್ಚಿಟ್ಟು ನಡುಮನೆಯ ಬೆಂಚಿನ ಮೇಲೆ ಕೂತಿದ್ದರು. ರಾತ್ರಿ ಅಲ್ಲೇ ಮಲಗುತ್ತಾರೆ. ನನ್ನವಳು ಮಲಗುತ್ತಿದ್ದ ಹಿಂದಿನ ಕೋಣೆ ಬೀಗ ಹಾಕಿದ ಹಾಗೇ ಇದೆ. ಮಾರ್ಚಿನಲ್ಲಿ ಮಗಳು ತೀರಿಕೊಂಡ ಮೇಲೂ ಅಳಿಯನ ಮನೆಯಲ್ಲಿರುವುದು ಅವರಿಗೆ ಸಂಕೋಚ, ಆದರೆ ಅವರಿಗೆ ಬೇರೆ ಯಾರೂ ಇಲ್ಲ. ಅವರದು ಯಾವ ತಕರಾರೂ ಇಲ್ಲ. ಎಲ್ಲಾದರೂ ಆಗುತ್ತದೆ ಎನ್ನುತ್ತಾರೆ. ಆ ಮಟ್ಟಿಗೆ ನನ್ನ ಅದೃಷ್ಟ.

ಜೂನ್ ೭, ಶುಕ್ರವಾರ

ಸಂಜೆ ಆರೂವರೆ. ಬೆಳಿಗ್ಗೆ ಕಂಪ್ಯೂಟರ್ ಹಾಕುವುದು ನನ್ನ ಕೆಲಸ. ಹಾಕಿದೊಡನೆ ಮೋಡೆಮ್ ಒಳಗಿನಿಂದ ಟಕ್ ಎನ್ನುತ್ತದೆ. ಆಮೇಲೆ ತೆರೆಯ ಮೇಲೆ ಒಂದು ಚೌಕ ಬರುತ್ತದೆ: ಒಂದು ಸಾಧನವನ್ನು ನಿಲ್ಲಿಸಲಾಗಿದೆ, ಅದಕ್ಕೆ ಕೊಡಲು ಏನೂ ಉಳಿದಿಲ್ಲ ಎಂದು. ಕೆಳಗೆ 'ಸರಿ' ಎಂಬ ಗುಂಡಿ. ಟೀಚರಮ್ಮ ಪಕ್ಕದಲ್ಲೇ ಬಂದು ಕೂತಿರುತ್ತಾರೆ. ಅವರಿಗೆ ಅದು ಕಾಣುವುದಿಲ್ಲ, ಓದಿ ಹೇಳಬೇಕಾದವನಿಗೇ ಬಾಯಿಲ್ಲ. ನಾನು 'ಸರಿ' ಒತ್ತಿ ಎದ್ದು ಹೋಗುತ್ತೇನೆ. ಈ ವಾರವೆಲ್ಲ ಹಾಗೇ ಮಾಡಿದೆ.

ಮೋಡೆಮ್ ಹಾಕಿಸಿದ್ದು ನನ್ನವಳಿಗಾಗಿ. ಅವಳು ಹಾಸಿಗೆ ಹಿಡಿದ ಮೇಲೆ ಮನೆಯಿಂದ ಫೋನು ಬಂದರೆ ನನಗೆ ಕೇಳಿಸುತ್ತಿರಲಿಲ್ಲ. ಚುಕ್ಕಿ ಯಂತ್ರ ಹೊಡೆಯುತ್ತಿದ್ದರೆ ಪಕ್ಕದಲ್ಲಿ ಕೂಗಿದರೂ ಕೇಳದು. ಅದಕ್ಕೇ ಫೋನಿನ ವಯರನ್ನು ಕಂಪ್ಯೂಟರಿಗೆ ಕೊಡಿಸಿದೆ. ಅವಳು ಮನೆಯಲ್ಲಿ ಒಂದು ಗುಂಡಿ ಒತ್ತಿದರೆ ಇಲ್ಲಿ ತೆರೆಯ ತುಂಬ ಕೆಂಪು ಗಂಟೆ ಕಾಣುತ್ತಿತ್ತು. ನಾನು ಯಂತ್ರದ ಕೋಣೆಯ ಗಾಜಿನ ಕಿಟಕಿಯಿಂದ ನೋಡಿ ಓಡಿಬರುತ್ತಿದ್ದೆ. ಯಾವ ಕಾರಣಕ್ಕೂ ಅದರ ತಂತಿ ತಪ್ಪಬಾರದೆಂದು ಟೊಪ್ಪಿಯನ್ನು ನಾನೇ ಚಿಮಟದಲ್ಲಿ ಹಾಕಿದ್ದೆ. ಬಹಳ ಸಲ ಸಣ್ಣ ವಿಷಯಕ್ಕೇ ಮಾಡುತ್ತಿದ್ದಳು. ಬೀಗದ ಕೈ ಎಲ್ಲಿಟ್ಟಿರಿ, ಬರುವಾಗ ಸೋಪು ತನ್ನಿ.

ಈಗ ಆ ಗಂಟೆ ಬರುವುದಿಲ್ಲ. ಬರುವುದಿಲ್ಲವೆಂದು ಗೊತ್ತು. ಆದರೂ ಯಂತ್ರದ ಹತ್ತಿರ ನಿಂತಾಗ ಕಣ್ಣು ಗಾಜಿನ ಕಡೆಗೇ ಹೋಗುತ್ತದೆ.

ಟೀಚರಮ್ಮ ಈಗ ಒತ್ತಿದ ಹಾಳೆಗಳನ್ನೇ ಬೆರಳಲ್ಲಿ ಓದಿ ತಪ್ಪು ಹುಡುಕುತ್ತಾರೆ. ಕಿವಿಯಲ್ಲಿ ಕೇಳುವಷ್ಟು ಬೇಗ ಆಗುವುದಿಲ್ಲ. ತಪ್ಪು ಸಿಕ್ಕರೆ ಹಾಳೆ ದಂಡ, ಮತ್ತೆ ಒತ್ತಬೇಕು. ಅವರ ಮೇಜಿನ ಪಕ್ಕ ಹಾಳೆಗಳ ಗುಡ್ಡೆ ಬೆಳೆದಿದೆ.

ಜೂನ್ ೧೨, ಬುಧವಾರ

ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ನಡುಮನೆಯ ಮಾಡು ಸೋರಿ ಬೆಂಚು ಒದ್ದೆಯಾಯಿತು. ಅತ್ತೆ ಚಾಪೆ ಸುತ್ತಿಕೊಂಡು ಅಡಿಗೆಮನೆಗೆ ಹೋದರು. ಅಲ್ಲಿ ಬೆಚ್ಚಗಿದೆಯಂತೆ.

'ಸರಿ' ಒತ್ತಿದೆ.

ಜೂನ್ ೧೪, ಶುಕ್ರವಾರ

ಸಂಜೆ ಏಳೂಮುಕ್ಕಾಲು. ಇವತ್ತಿನದನ್ನು ಬರೆಯಲು ಕೈ ಏಳುತ್ತಿಲ್ಲ, ಆದರೂ ಬರೆಯುತ್ತೇನೆ.

ಮಧ್ಯಾಹ್ನ ಕಣ್ಣು ಕಾಣದ ಮಕ್ಕಳ ಶಾಲೆಯಿಂದ ಹೆಡ್‌ಮೇಷ್ಟ್ರು ಫೋನು ಮಾಡಿದರು. ಎರಡನೇ ತರಗತಿಯ ಗಣಿತದ ಪುಸ್ತಕದಲ್ಲಿ ಎರಡರ ಮಗ್ಗಿ, ಮೂರರ ಮಗ್ಗಿ ಅಕ್ಕಪಕ್ಕದ ಸಾಲಿನಲ್ಲಿದ್ದವು. ಸ್ಕ್ಯಾನರ್ ಅವನ್ನು ಮೇಲಿಂದ ಕೆಳಗೆ ಓದದೆ ಅಡ್ಡಡ್ಡ ಓದಿಬಿಟ್ಟಿದೆ. ಮಕ್ಕಳು ಬೆರಳಿಟ್ಟು ಒಟ್ಟಿಗೆ ರಾಗವಾಗಿ ಹೇಳಿದ್ದಾರೆ: ಎರಡೊಂದ್ಲ ಎರಡು, ಮೂರೊಂದ್ಲ ಮೂರು, ಎರಡೆರಡ್ಲ ನಾಲ್ಕು, ಮೂರೆರಡ್ಲ ಆರು. ಮೇಷ್ಟ್ರು ಮೊದಲು ಮಕ್ಕಳಿಗೆ ಗದರಿಸಿ, ಆಮೇಲೆ ಪುಸ್ತಕ ನೋಡಿದ್ದಾರೆ.

ಮ್ಯಾನೇಜರು ನೇರ ಟೀಚರಮ್ಮನ ಮೇಜಿಗೆ ಬಂದರು.

"ಏನಮ್ಮ ಇದು? ಪುಸ್ತಕದ ಮೇಲೆ ನಿಮ್ಮ ಮುದ್ರೆ ಇದೆಯಲ್ಲ!"

"ಪೂರ್ತಿ ನೋಡೋಕೆ ಆಗಲಿಲ್ಲ ಸಾರ್. ಅರ್ಧ ನೋಡೋ ಹೊತ್ತಿಗೆ ಗಾಡಿ ಬಂತು, ಕಟ್ಟಿ ಕಳಿಸಿ ಅಂದ್ರಿ."

"ಹೋದ ವರ್ಷ ಇದೇ ಪುಸ್ತಕ ಎರಡು ದಿನದಲ್ಲಿ ಮುಗಿಸಿದ್ರಿ. ಈಗೇನು ಬೆರಳು ಮೊಂಡಾಯಿತಾ?"

ಇಡೀ ಪ್ರೆಸ್ಸಿಗೆ ಕೇಳುವ ಹಾಗೆ ಕೂಗಿದರು. ನಾನು ಯಂತ್ರ ನಿಲ್ಲಿಸಿ ಬಾಗಿಲ ಹತ್ತಿರ ಬಂದಿದ್ದೆ. ಟೀಚರಮ್ಮ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬೆರಳು ಒಳಗೆ ಮಡಚಿಕೊಂಡು ಕೂತಿದ್ದರು. ಗೊಣಗಪ್ಪ ಇಲ್ಲ ಎಂದು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಮ್ಯಾನೇಜರಿಗೆ ಗೊಣಗಪ್ಪ ನಿಂತದ್ದೇ ಗೊತ್ತಿಲ್ಲ. ಅವರಿಗೆ ಸ್ಕ್ಯಾನರಿನ ದೀಪ ಮಾತ್ರ ಕಾಣುತ್ತದೆ.

ಬಾಗಿಲಿನಿಂದ ಮೆಲ್ಲಗೆ ಹಿಂದೆ ಸರಿದು ಯಂತ್ರ ಮತ್ತೆ ಹಾಕಿದೆ. ಸದ್ದಿಗೆ ಯಾರ ಮಾತೂ ಕೇಳಿಸದಂತಾಯಿತು. ಇಂಥ ಹೇಡಿ ನಾನು ಎಂದು ನನಗೆ ಗೊತ್ತಿರಲಿಲ್ಲ.

ಜೂನ್ ೧೫, ಶನಿವಾರ

ಇವತ್ತು ಟೀಚರಮ್ಮ ಬರಲಿಲ್ಲ. ಮೈ ಸರಿಯಿಲ್ಲವಂತೆ. ಕಣ್ಣು ಕಾಣದವರ ಎದುರು ತಲೆ ಎತ್ತಿ ನಡೆಯಬಹುದೆಂದು ಇಷ್ಟು ದಿನ ಅಂದುಕೊಂಡಿದ್ದೆನೋ ಏನೋ. ಅವರ ಖಾಲಿ ಕುರ್ಚಿಯ ಎದುರೂ ಆಗಲಿಲ್ಲ.

ಜೂನ್ ೧೯, ಬುಧವಾರ

ಸಂಜೆ ಆರು. ಇವತ್ತು ಜಾಣತನ ಮಾಡಲು ಹೋಗಿ ಮೂರ್ಖನಾದೆ.

ಟೀಚರಮ್ಮ ಮತ್ತೆ ಬರುತ್ತಿದ್ದಾರೆ. ಊಟದ ಹೊತ್ತಿನಲ್ಲಿ ಅವರು ಹೊರಗೆ ಹೋದಾಗ ಕಂಪ್ಯೂಟರಿನ ಮುಚ್ಚಳ ತೆಗೆದೆ. ಮೋಡೆಮನ್ನು ಕೀಳುವುದು ಬೇಡ, ಅದೂ ಸ್ಕ್ಯಾನರೂ ಒಂದೇ ತಂತಿಯಲ್ಲಿ ಇರಲಿ, ಉಳಿದದ್ದು ಗೊಣಗಪ್ಪನಿಗೆ ಸಿಗಲಿ ಎಂದು ಲೆಕ್ಕ ಹಾಕಿದೆ. ಚಿಮಟದಿಂದ ಮೋಡೆಮಿನ ಟೊಪ್ಪಿಯನ್ನು ಸ್ಕ್ಯಾನರಿನ ತಂತಿಗೆ ಸರಿಸಿದೆ. ಶುರು ಮಾಡಿದಾಗ ನಿಜವಾಗಿಯೂ ಹಳದಿ ಗುರುತು ಹೋಗಿತ್ತು. ಹಿಗ್ಗಿ ಸ್ಕ್ಯಾನರಿಗೆ ಒಂದು ಪುಟ ಕೊಟ್ಟೆ. ಅರ್ಧ ಪುಟಕ್ಕೆ ದೀಪ ನಿಂತಿತು. ತೆರೆಯ ಮೇಲಿನ ಬಾಣ ನಿಂತಿತು. ಗಡಿಯಾರದ ಮುಳ್ಳೂ ನಿಂತಿತು. ಏನು ಒತ್ತಿದರೂ ಕಲ್ಲಿನ ಹಾಗೆ ಕೂತುಬಿಟ್ಟಿತು.

ಸ್ಕ್ರೂಗೆ ಫೋನು ಮಾಡಿದೆ.

"ಒಂದೇ ತಂತಿಗೆ ಇಬ್ಬರನ್ನ ಕಟ್ಟಿದ್ರಾ ಅಣ್ಣಾ!" ಎಂದು ನಕ್ಕ. "ಇಬ್ಬರೂ ಹಟಮಾರಿಗಳು. ಒಬ್ಬ ಗಂಟೆ ಹೊಡೆದ್ರೆ ಯಾರು ಹೊಡೆದದ್ದು ಅಂತ ಸಿಸ್ಟಮ್ಮಿಗೆ ಹೇಗೆ ಗೊತ್ತಾಗಬೇಕು? ಇವನ ಹತ್ತಿರ ಹೋಗಿ ಅವನ ಕೆಲಸ ಕೇಳುತ್ತೆ. ತಲೆ ಕೆಟ್ಟು ಕೂತುಬಿಡುತ್ತೆ, ಪಾಪ."

"ಬೇರೆ ಕಾರ್ಡು ತರುತ್ತೇನೆ ಅಂದಿದ್ದೆಯಲ್ಲ?"

"ಹುಡುಕಿ ಹುಡುಕಿ ಸಾಕಾಯ್ತು. ಆ ತರದ್ದು ಈಗ ಮಾಡೋರೇ ಇಲ್ಲ. ಆ ಮೋಡೆಮ್ಮಿನ ಮೇಲೆ ಅದೇನಣ್ಣಾ ಅಷ್ಟು ಪ್ರೀತಿ? ಮದುವೆ ಮಾಡ್ಕೊಂಡಿದ್ದೀರಾ?"

ಅವನಿಗೆ ಗೊತ್ತಿಲ್ಲ. ತಮಾಷೆಗೆ ಅಂದದ್ದು. ನಾನು ಫೋನು ಇಟ್ಟೆ.

ಟೀಚರಮ್ಮ ಬರುವಷ್ಟರಲ್ಲಿ ಟೊಪ್ಪಿಯನ್ನು ಮೊದಲಿದ್ದಲ್ಲಿಗೇ ಹಾಕಿ ಮುಚ್ಚಳ ಮುಚ್ಚಿದೆ. ಚೌಕ ಬಂತು. ಒತ್ತಿದೆ.

ಮನೆಯಲ್ಲಿ ಅತ್ತೆ ಗೋಡೆ ಹಿಡಿದು ನಡೆಯುತ್ತಿದ್ದರು. ಯಾಕೆಂದು ಕೇಳಲಿಲ್ಲ.

ಜೂನ್ ೨೪, ಸೋಮವಾರ

ಸಂಜೆ ಏಳು. ಮ್ಯಾನೇಜರು ಕರೆದು ಬಾಗಿಲು ಹಾಕಿಸಿದರು.

"ನೋಡಿ, ನೀವು ಹಳಬರು, ನಿಮ್ಮ ಹತ್ತಿರ ಮುಚ್ಚುಮರೆ ಇಲ್ಲ. ತಿಂಗಳ ಕೊನೆಗೆ ಟೀಚರಮ್ಮನನ್ನ ನಿಲ್ಲಿಸೋಣ ಅಂತಿದ್ದೀನಿ. ತೆರೆ ನೋಡಿಯೇ ತಿದ್ದೋರು ಒಬ್ಬರು ಸಿಕ್ಕಿದ್ದಾರೆ. ಇವರಿಗೆ ವಯಸ್ಸಾಯ್ತು, ಕೈ ನಿಧಾನ ಆಗಿದೆ. ನೀವು ಪಕ್ಕದಲ್ಲೇ ಇರ್ತೀರಿ. ನಿಮಗೂ ಹಾಗೇ ಅನಿಸಿರಬೇಕಲ್ವಾ?"

ನಾನು "ಹೂಂ" ಎಂದೆ.

ಅವರ ಕೈ ನಿಧಾನವಾಗಿದೆ ಎನ್ನುವುದು ಸುಳ್ಳಲ್ಲ. ನಿಧಾನ ಮಾಡಿದವನು ನಾನು ಎನ್ನುವುದನ್ನು ನುಂಗಿಕೊಂಡೆ. ಹೂಂ ಎಂದ ಬಾಯಿಗೆ ಬೆಂಕಿ ಹಾಕಬೇಕು. ಅವಳಿದ್ದಿದ್ದರೆ ಇದನ್ನು ಅವಳಿಗೆ ಹೇಳುತ್ತಿದ್ದೆನೇ? ಹೇಳುತ್ತಿರಲಿಲ್ಲ. ಅವಳೇ ಮುಖ ನೋಡಿ ಕಂಡುಹಿಡಿಯುತ್ತಿದ್ದಳು.

ಊಟ ಬೇಡವೆಂದೆ. ಅತ್ತೆಯೂ ಮಾಡಲಿಲ್ಲ ಎಂದು ಈಗ ಗೊತ್ತಾಯಿತು. ನಾನು ಉಣ್ಣದಿದ್ದರೆ ಅವರೂ ಉಣ್ಣುವುದಿಲ್ಲವಂತೆ. ಎಷ್ಟು ದಿನದಿಂದ ಹೀಗೋ.

ಜೂನ್ ೨೫, ಮಂಗಳವಾರ

ಸಂಜೆ ಆರೂವರೆ. ಊಟದ ಹೊತ್ತಿನಲ್ಲಿ ಡಬ್ಬಿ ಹಿಡಿದುಕೊಂಡು ಟೀಚರಮ್ಮನ ಮೇಜಿನ ಎದುರು ಹೋಗಿ ಕೂತೆ. ಮಾರ್ಚಿನಿಂದ ನಾನು ಉಗ್ರಾಣದಲ್ಲಿ ಒಬ್ಬನೇ ಉಣ್ಣುತ್ತಿದ್ದೆ.

"ಏನಣ್ಣ, ದಾರಿ ತಪ್ಪಿ ಬಂದ್ರಾ?" ಎಂದರು.

"ಟೀಚರಮ್ಮ, ಆ ಮೋಡೆಮ್..." ಎಂದು ನಿಲ್ಲಿಸಿದೆ.

"ಅದು ಆಫೀಸಿಗಲ್ಲ. ಗೊತ್ತು ನನಗೆ."

"ಹೇಗೆ?"

"ದಿನಾ ಬೆಳಿಗ್ಗೆ ಟಕ್ ಅನ್ನುತ್ತೆ. ಆಮೇಲೆ ಇಡೀ ದಿನ ಉಸಿರಿಲ್ಲ. ಕೆಲಸ ಮಾಡೋ ವಸ್ತು ಹಾಗಿರುತ್ತಾ?" ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು. "ನಿಮ್ಮ ಮನೆಯವರು ಫೋನ್ ಮಾಡಿದಾಗ ಗೊಣಗಪ್ಪ ನನ್ನ ಕಿವಿಯಲ್ಲಿ 'ಫೋನು ಬಂದಿದೆ, ಫೋನು ಬಂದಿದೆ' ಅಂತ ಗೊಣಗ್ತಿದ್ದ. ನೀವು ಕಾಗದ ತರೋಕೆ ಹೋಗಿದ್ರೆ ನಾನೇ ಎತ್ತುತ್ತಿದ್ದೆ. ನೀವು ಬರೋತನಕ ಮಾತಾಡ್ತಿದ್ವಿ. ಆಮೇಲಾಮೇಲೆ ನೀವು ಕಾಗದ ತರೋ ಹೊತ್ತು ನೋಡ್ಕೊಂಡೇ ಮಾಡ್ತಿದ್ರು, ಅದೂ ನಿಮಗೆ ಗೊತ್ತಿಲ್ಲ ಅಲ್ವಾ?"

ಗೊತ್ತಿರಲಿಲ್ಲ.

"ಏನು ಮಾತಾಡುತ್ತಿದ್ದಿರಿ?"

"ಹೆಂಗಸರ ಮಾತು. ನಿಮಗ್ಯಾಕೆ? ನಿಮ್ಮ ಗೊರಕೆ ವಿಷಯ." ನಕ್ಕರು. ಆಮೇಲೆ, "ಅಮ್ಮನ ಮಂಡಿನೋವಿನ ಮಾತು ಬಹಳ ಆಡೋರು. ಕೆಳಗೆ ಕೂತ್ರೆ ಅವರಿಗೆ ಏಳೋಕಾಗಲ್ಲ ಅಂತ."

ಅತ್ತೆಗೆ ಮಂಡಿನೋವಿದೆ ಎಂದು ನನ್ನ ಮನೆಯ ಸುದ್ದಿಯನ್ನು ಪ್ರೆಸ್ಸಿನ ಮೇಜಿನ ಎದುರು ಕೂತು ಕೇಳಿದೆ.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ? ಮ್ಯಾನೇಜರು ಅಷ್ಟು ಕೂಗಿದಾಗ..."

"ಅದು ನಿಮ್ಮ ಮನೆಯವರ ತಂತಿ ಅಣ್ಣ. ಕಿತ್ತುಹಾಕಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ದುಃಖ ಸ್ವಲ್ಪ ಇಳಿದ ಮೇಲೆ ನೀವೇ ತೆಗೀತೀರಿ ಅಂತ ಸುಮ್ಮನಿದ್ದೆ." ಅವರ ದನಿ ಗಟ್ಟಿಯಾಯಿತು. "ಆದರೆ ಮಗ್ಗಿ ಪುಸ್ತಕದ ದಿನ ನೀವು ಬಾಗಿಲಲ್ಲೇ ನಿಂತಿದ್ರಿ. ನಿಮ್ಮ ಚಪ್ಪಲಿ ಸದ್ದು ನನಗೆ ಗೊತ್ತಿಲ್ವಾ? ಬಂದ್ರಿ, ನಿಂತ್ರಿ, ಹಿಂದೆ ಹೋದ್ರಿ. ಅವತ್ತು ನನಗೆ ಸಿಟ್ಟು ಬಂತು. ಇವತ್ತೂ ಇದೆ. ಸುಳ್ಳು ಯಾಕೆ ಹೇಳಲಿ."

ನಾನು ಡಬ್ಬಿ ತೆರೆಯದೆಯೇ ಎದ್ದೆ. ಕ್ಷಮಿಸಿ ಎನ್ನಲು ಕೂಡ ನಾಚಿಕೆಯಾಯಿತು. ಅಷ್ಟು ಚಿಕ್ಕ ಮಾತನ್ನು ಅಲ್ಲಿ ಎಲ್ಲಿ ಇಡುವುದು?

ಜೂನ್ ೨೬, ಬುಧವಾರ

ಸಂಜೆ ಎಂಟು. ಬೆಳಿಗ್ಗೆ ಕಂಪ್ಯೂಟರ್ ಹಾಕಲಿಲ್ಲ. ಮೊದಲು ಮ್ಯಾನೇಜರ ಕೋಣೆಗೆ ಹೋದೆ. ಅವರು ಕೂತುಕೊಳ್ಳಿ ಎಂದರೂ ನಿಂತೇ ಹೇಳಿದೆ. ಗೊಣಗಪ್ಪ ನಿಂತು ಮೂರು ವಾರವಾಯಿತು, ಮೋಡೆಮ್ ಆಫೀಸಿನ ಕೆಲಸಕ್ಕೆ ಅಂದದ್ದು ಸುಳ್ಳು, ಅದು ನನ್ನ ಹೆಂಡತಿಯ ಫೋನಿಗೆ ಹಾಕಿಸಿದ್ದು, ಮೊನ್ನೆ ಹೂಂ ಅಂದದ್ದೂ ಸುಳ್ಳು.

ಮ್ಯಾನೇಜರಿಗೆ ಮೊದಲು ಅರ್ಥವಾಗಲಿಲ್ಲ. "ಯಾವ ಗೊಣಗಪ್ಪ?" ಎಂದರು. ಇನ್ನೊಮ್ಮೆ ಹೇಳಿದೆ. ಮುಖ ಕೆಂಪಾಯಿತು.

"ಒಂದು ಕಾರ್ಡಿಗೋಸ್ಕರ ಒಬ್ಬರ ಹೊಟ್ಟೆ ಮೇಲೆ ಹೊಡೀತಿದ್ರಲ್ರೀ! ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ? ನಾನೂ ಆಯಮ್ಮನಿಗೆ ಎಲ್ಲರೆದುರು ಬಾಯಿಗೆ ಬಂದ ಹಾಗೆ..." ಮಾತು ನುಂಗಿ ಕಿಟಕಿಯ ಕಡೆ ತಿರುಗಿದರು. "ಹೋಗಿ, ಮೊದಲು ಅದನ್ನ ಕಿತ್ತುಹಾಕಿ."

ಕಿತ್ತೆ. ಒಂದೇ ಸ್ಕ್ರೂ ಇತ್ತು. ಕಾರ್ಡು ಸ್ವಲ್ಪ ಹಿಡಿದುಕೊಂಡಿತ್ತು, ಎರಡು ಸಲ ಅಲ್ಲಾಡಿಸಿದ ಮೇಲೆ ಬಂತು. ಅಂಚಿನಲ್ಲಿ ಧೂಳು ಕೂತಿತ್ತು. ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಟೀಚರಮ್ಮ ಪಕ್ಕದಲ್ಲಿ ಕೂತು ಎಲ್ಲ ಸದ್ದನ್ನೂ ಕೇಳುತ್ತಿದ್ದರು.

ಶುರು ಮಾಡಿದೆ. ಟಕ್ ಎನ್ನಲಿಲ್ಲ. ಅದೊಂದು ಸದ್ದು ಇಲ್ಲದ್ದು ಎದೆಗೆ ತಟ್ಟಿತು. ಸಿಸ್ಟಮ್ಮು ತನ್ನ ಪಾಡಿಗೆ ಎಲ್ಲರನ್ನೂ ವಿಚಾರಿಸುತ್ತ ಹೋಯಿತು. ಚೌಕ ಬರಲಿಲ್ಲ. ಟೀಚರಮ್ಮ ಡ್ರಾಯರ್ ತೆಗೆದು, ವಯರು ಬಿಡಿಸಿ, ಕಿವಿಗೆ ಹಾಕಿಕೊಂಡರು. ಕತ್ತು ವಾಲಿಸಿ ಕೇಳಿದರು.

"ಮಾತಾಡಿದನಾ?"

"ಮಾತಾಡಿದ. ನೆಗಡಿ ಹಾಗೇ ಇದೆ."

ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಒಂದು ಮಾತು. ಇನ್ನು ಮೇಲೆ ಬೆಳಿಗ್ಗೆ ತೆರೆ ಮೇಲೆ ಏನು ಬಂದರೂ ನನಗೆ ಓದಿ ಹೇಳಬೇಕು. ಆಮೇಲೆ ಒತ್ತಿ. ಏನೂ ಬರದಿದ್ರೆ ಏನೂ ಬರಲಿಲ್ಲ ಅಂತ ಹೇಳಿ."

ಒಪ್ಪಿಕೊಂಡೆ.

ಸ್ವಲ್ಪ ಹೊತ್ತಿಗೆ ಮ್ಯಾನೇಜರು ಬಂದು ಅವರ ಮೇಜಿನ ಎದುರು ನಿಂತು ಕೆಮ್ಮಿದರು, "ಟೀಚರಮ್ಮ, ಟೀ ಕುಡಿದ್ರಾ?" ಎಂದರು. ಬೆಳಗಿನ ಒಂಬತ್ತಕ್ಕೆ, ಇನ್ನೂ ಟೀ ಬರುವ ಮೊದಲೇ! "ಅವತ್ತು ಕೂಗಿದ್ದು ಎಲ್ಲರಿಗೂ ಕೇಳಿಸಿತ್ತು ಸಾರ್, ಟೀ ಮಾತ್ರ ಇಷ್ಟು ಮೆಲ್ಲಗೆ ಕೇಳ್ತೀರಲ್ಲ," ಎಂದರು ಟೀಚರಮ್ಮ. ಮ್ಯಾನೇಜರು ಎಲ್ಲರನ್ನೂ ಕರೆಸಿ, ತಪ್ಪು ಅವರದಲ್ಲ ಎಂದು ಹೇಳಿದರು. ಯಾರದೆಂದು ಹೇಳಲಿಲ್ಲ. ಅದನ್ನು ನಾನು ಹೇಳಿದೆ. ಪುಸ್ತಕ ಕಟ್ಟುವ ವಿಭಾಗದವರು ನೆಲ ನೋಡಿದರು.

ಟೀಚರಮ್ಮ ಇರುತ್ತಾರೆ. ಮಗ್ಗಿ ಪುಸ್ತಕ ಮತ್ತೆ ಒತ್ತಬೇಕು. ಅದನ್ನು ಕೆಲಸ ಮುಗಿದ ಮೇಲೆ ನಿಂತು ಮಾಡುತ್ತೇನೆಂದು ಹೇಳಿದ್ದೇನೆ. ಅವರ ಸಿಟ್ಟು ಹೋಗಿಲ್ಲ. ಸಂಜೆ ಹೊರಡುವಾಗ ದಿನಾ ಹೇಳುವಂತೆ "ಬರ್ತೀನಣ್ಣ" ಎನ್ನಲಿಲ್ಲ.

ಜೂನ್ ೨೮, ಶುಕ್ರವಾರ

ಬೆಳಿಗ್ಗೆ "ಏನೂ ಬರಲಿಲ್ಲ" ಎಂದು ಹೇಳಿದೆ. "ಸರಿ," ಎಂದರು ಟೀಚರಮ್ಮ. ಸಂಜೆ ಹೊಸ ಮಗ್ಗಿಯ ಪುಟವನ್ನು ಗೊಣಗಪ್ಪನಿಂದ ಓದಿಸಿ ಕೇಳಿದರು. ಎರಡ್ಹತ್ಲ ಇಪ್ಪತ್ತಾದ ಮೇಲೆಯೇ ಮೂರೊಂದ್ಲ ಮೂರು ಬಂತು. ಯಂತ್ರಕ್ಕೆ ಬಿಟ್ಟೆ. ಗಾಜಿನ ಕಡೆ ನೋಡಿದೆನೋ ಇಲ್ಲವೋ ನೆನಪಿಲ್ಲ.

ಜೂನ್ ೨೯, ಶನಿವಾರ

ಸಂಜೆ ಏಳು. ಇವತ್ತು ಅರ್ಧ ದಿನ. ಬೇಗ ಮನೆಗೆ ಬಂದೆ. ಅಂಗಿ ಒಗೆಯಲು ಹಾಕುವಾಗ ಅತ್ತೆಗೆ ಜೇಬಿನಲ್ಲಿ ಕರ್ಚೀಫಿನ ಗಂಟು ಸಿಕ್ಕಿತು.

"ಏನಿದು ಅಳಿಯಂದಿರೇ?"

"ಅವಳ ಫೋನು ಬರುತ್ತಿದ್ದದ್ದು ಇದರಲ್ಲಿ."

ಬಿಚ್ಚಿ ನೋಡಿದರು. ಕಾರ್ಡಿನ ಮೇಲೆ ಒಮ್ಮೆ ಬೆರಳಾಡಿಸಿದರು. ಅದನ್ನು ಅಂಗೈಯಲ್ಲಿಟ್ಟುಕೊಂಡೇ ನೆಲದ ಮೇಲೆ ಕೂತರು. ಏಳುವಾಗ ಆಗಲಿಲ್ಲ. ಒಲೆಕಟ್ಟೆ ಹಿಡಿದರು, ಕೈ ಜಾರಿತು. ನಾನು ಹೋಗಿ ತೋಳು ಹಿಡಿದು ಎಬ್ಬಿಸಿದೆ. ಎಷ್ಟು ಹಗುರವಾಗಿದ್ದಾರೆ.

"ಅತ್ತೆ, ಇವತ್ತಿನಿಂದ ಹಿಂದಿನ ಕೋಣೆಯಲ್ಲಿ ಮಲಗಿ," ಎಂದೆ.

"ಬೇಡ ಬಿಡಿ. ನನಗೇನು, ಎಲ್ಲಾದರೂ ಆಗುತ್ತೆ."

"ಎಲ್ಲಾದರೂ ಅನ್ನಬೇಡಿ. ಎಲ್ಲಿ ಬೇಕು ಅಂತ ಹೇಳಿ."

ಸೆರಗಿನ ಅಂಚು ತಿರುಚಿದರು. ಯಾರೂ ಅವರನ್ನು ಹಾಗೆ ಕೇಳಿರಲಿಲ್ಲವೋ ಏನೋ.

"ಅವಳ ಮಂಚ," ಎಂದರು. "ಎತ್ತರ ಇದೆ, ಮಂಡಿಗೆ ಕಷ್ಟ ಆಗಲ್ಲ. ಆಮೇಲೆ..." ನಿಲ್ಲಿಸಿದರು. "ಅವಳ ದಿಂಬು ಅಲ್ಲಿದೆ."

ನಾನು ಅದನ್ನು ನನ್ನ ಬೀಗ ಎಂದುಕೊಂಡಿದ್ದೆ. ಒಳಗೆ ಅವರ ಮಗಳ ದಿಂಬೂ ಇತ್ತು.

ಬೀಗ ತೆಗೆದೆ. ಔಷಧಿಯ ವಾಸನೆ ಹಾಗೇ ಇದೆ. ಅತ್ತೆ ಒಳಗೆ ಹೋಗಿ ಮೊದಲು ಕಿಟಕಿ ತೆಗೆದರು. ಮಾತ್ರೆಯ ಪಟ್ಟಿಗಳನ್ನು ಒಟ್ಟು ಮಾಡಿದರು, ಲೋಟ ತೊಳೆದು ತಂದಿಟ್ಟರು, ಮೋಡೆಮ್ ಕಾರ್ಡನ್ನು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. "ಹಾಗೇ ನಿಂತರೆ ಹೇಗೆ? ಹಾಸಿಗೆ ಆ ಕಡೆ ಹಿಡೀರಿ," ಎಂದು ಗದರಿದರು. ಅವರು ನನಗೆ ಗದರಿದ್ದು ಇದೇ ಮೊದಲು. ಒಳಗೆ ಹೋಗಿ ಹಿಡಿದೆ.

ಇಬ್ಬರೂ ಒಟ್ಟಿಗೆ ಕೂತು ಊಟ ಮಾಡಿದೆವು. ಇವತ್ತೊಂದು ರಾತ್ರಿ ನನ್ನ ಹಾಸಿಗೆ ಅವಳ ಮಂಚದ ಮೇಲಿದೆ, ಅತ್ತೆಗೆ. ನನಗೆ ಚಾಪೆ.

ಅವಳ ಹಾಸಿಗೆ ಮುಗ್ಗಲು ಹಿಡಿದಿದೆ. ನಾಳೆ ಭಾನುವಾರ. ಬಿಸಿಲು ಬಂದರೆ ಅದನ್ನು ತಾರಸಿಯ ಮೇಲೆ ಹಾಕಬೇಕು. ಎತ್ತಲು ಸ್ಕ್ರೂ ಬರುತ್ತೇನೆಂದಿದ್ದಾನೆ.